ಕರಡಿಗೆ ಏಕಾಂತಯ್ಯನೂ ಅದಲುಬದಲಾದ ಮುಚ್ಚಳಗಳೂ

ಮಾಮೂಲ್‌ಪೇಟೆಗೆ ಬಂದು ಏಕಾಂತಯ್ಯ ಎಲ್ಲಿ ಎಂದು ಕೇಳಿದರೆ, ಯಾವ ಏಕಾಂತಯ್ಯ ಎಂಬ ಮರುಪ್ರಶ್ನೆ ಬರುತ್ತಿತ್ತು. ಕರಡಿಗೆ ಏಕಾಂತಯ್ಯ ಎಂದರೆ ಮಾತ್ರ ಮೂರು ಜನ ಎದ್ದು ನಿಂತು ಮೂರು ಕಡೆಯಿಂದ ದಾರಿ ಹೇಳುತ್ತಿದ್ದರು. ಕೊರಳಲ್ಲಿ ಇಷ್ಟಲಿಂಗ ಧರಿಸುವವರು ಅದನ್ನು ಇಟ್ಟುಕೊಳ್ಳುವ ಪುಟ್ಟ ಬೆಳ್ಳಿಯ ಭರಣಿಯೇ ಕರಡಿಗೆ. ಅಕ್ಕಸಾಲಿಗರು ಅದರ ಒಡಲನ್ನೂ ಮುಚ್ಚಳವನ್ನೂ ಬೇರೆ ಬೇರೆಯಾಗಿ ಮಾಡಿ ತಂದುಕೊಡುತ್ತಿದ್ದರು. ಯಾವ ಒಡಲಿಗೆ ಯಾವ ಮುಚ್ಚಳ ಎಂದು ಹೊಂದಿಸಿ, ಅರದಿಂದ ಕೂದಲೆಳೆಯಷ್ಟು ಉಜ್ಜಿ, ಕೂಡಿಸಿ ಕೊಡುವುದು ಏಕಾಂತಯ್ಯನವರ ಕೆಲಸ. ಕೂಡಿಸಿದ ಮೇಲೆ ಅದನ್ನು ಕಿವಿಯ ಹತ್ತಿರ ಹಿಡಿದು ಮುಚ್ಚುತ್ತಿದ್ದರು. ಕಟಕ್ ಎಂದರೆ ಸರಿಯಿಲ್ಲ. ಟಕ್ ಎಂದರೂ ಸರಿಯಿಲ್ಲ. ಸದ್ದೇ ಮಾಡದೆ ಮುಚ್ಚಳ ಕೂತುಬಿಟ್ಟರೆ ಆಗ ಅದನ್ನು ಗಿರಾಕಿಯ ಕೈಗೆ ಕೊಡುತ್ತಿದ್ದರು.

ಕೊಡುವಾಗಲೂ ಸುಮ್ಮನೆ ಕೊಡುವ ಪೈಕಿಯಲ್ಲ. "ಖಾಲಿ ಕರಡಿಗೆ ಕೊಡಬಾರದು" ಎಂದು ಒಳಗೆ ಒಂದು ಚಿಟಿಕೆ ವಿಭೂತಿ ಹಾಕುತ್ತಿದ್ದರು. ಅದರ ಜೊತೆಗೆ ಒಂದು ಪುಕ್ಕಟೆ ಉಪದೇಶ. "ಮನೇಲಿ ಎಷ್ಟೇ ಜನ ಇರ್ಲಿ, ದಾರಕ್ಕೆ ಒಬ್ಬೊಬ್ರು ಒಂದೊಂದು ಗುರುತು ಕಟ್ಕೊಳಿ. ಕರಡಿಗೆ ಎಲ್ಲ ಒಂದೇ ಥರ ಕಾಣತ್ತೆ. ಒಳಗಿರೋ ಲಿಂಗ ಒಬ್ರದು ಇನ್ನೊಬ್ರಿಗೆ ಆಗಲ್ಲ." ಜನ ಹೂಂ ಎಂದು ತಲೆಯಾಡಿಸಿ ಹೋಗುತ್ತಿದ್ದರು. ನಲವತ್ತು ವರ್ಷ ಈ ಮಾತನ್ನು ಹೇಳಿ ಹೇಳಿ ಊರಿಗೆಲ್ಲ ಗುರುತು ಕಟ್ಟಿಸಿದ ಮನುಷ್ಯ ತನ್ನ ಮನೆಯಲ್ಲಿ ಮಾತ್ರ ಕಟ್ಟಿಸಲಿಲ್ಲ. ಅದರ ಫಲವೇ ಈ ಕಥೆ.

ಎರಡು ಸಾವಿರದ ಮೂರನೇ ಇಸವಿಯ ಹೊತ್ತಿಗೆ ಅವರಿಗೆ ಐವತ್ತೊಂಬತ್ತು. ಅಷ್ಟರಲ್ಲಾಗಲೇ ನಾಲ್ಕು ವರ್ಷದಿಂದ ಅವರು ಒಂದು ಕಡೆ ಕೂತವರಲ್ಲ. ಬೆಳಗ್ಗೆ ಅಂಗಡಿ ತೆರೆದು ಒಂದು ಗಂಟೆ ಆಗುವುದರೊಳಗೆ ಅರ್ಧ ಶಟರ್ ಎಳೆದು ಅವೆನ್ಯೂ ರಸ್ತೆಯ ತುದಿಯವರೆಗೆ ಹೋಗಿ ಬರುತ್ತಿದ್ದರು. ಏನು ತರಲು ಹೋಗಿದ್ದಿರಿ ಎಂದು ಪಕ್ಕದ ಅಂಗಡಿಯವರು ಕೇಳಿದರೆ ಬರಿಗೈ ತೋರಿಸಿ ಶಟರ್ ಎತ್ತುತ್ತಿದ್ದರು. ಚಾಮರಾಜಪೇಟೆಯ ಮನೆಗೆ ಹೋಗಲು ಬಸ್ಸು ಹತ್ತಿ, ಎರಡನೇ ಸ್ಟಾಪಿನಲ್ಲೇ ಇಳಿದು, ಉಳಿದ ದಾರಿ ನಡೆಯುತ್ತಿದ್ದರು. ಮದುವೆ ಮನೆಗಳಲ್ಲಿ ಪಾಯಸ ಬರುವ ಮೊದಲೇ ಪಂಕ್ತಿಯಿಂದ ಎದ್ದುಬಿಡುತ್ತಿದ್ದರು. ಮಗಳು ಕೊಟ್ಟ ಕಾಫಿಯನ್ನು ಅರ್ಧ ಕುಡಿದು ಜಗಲಿಗೆ, ಜಗಲಿಯಿಂದ ಗೇಟಿಗೆ, ಗೇಟಿನಿಂದ ಮತ್ತೆ ಒಳಕ್ಕೆ. ಕಾಲು ಸುಟ್ಟ ಬೆಕ್ಕಿನ ಹಾಗೆ ಆಡುತ್ತಾರೆ ಎಂದು ಬೀದಿಯವರು ಮರುಗಿದರು. ಹೆಂಡತಿ ಹೋದಮೇಲೆ ಹೀಗಾಯಿತು ಪಾಪ ಎಂದರು. ಅವರು ಅಂದದ್ದು ಸುಳ್ಳಲ್ಲ. ಆದರೆ ಅರ್ಧ ನಿಜ.

ಉಳಿದ ಅರ್ಧ ಏಕಾಂತಯ್ಯನವರಿಗೆ ಮಾತ್ರ ಗೊತ್ತಿತ್ತು.

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದಾಗ ಅವರು ತಮಗೂ ಹೆಂಡತಿ ಸರ್ವಮಂಗಳಮ್ಮನವರಿಗೂ ಒಂದು ಜೊತೆ ಕರಡಿಗೆ ಮಾಡಿಸಿದ್ದರು. ಒಂದೇ ತೂಕ, ಒಂದೇ ನಕ್ಕಾಶಿ, ಒಂದೇ ಥರದ ದಾರ. ಅಂಥ ಜೊತೆಯನ್ನು ಪೇಟೆಯಲ್ಲಿ ಯಾರೂ ಕಂಡಿರಲಿಲ್ಲ. ಸರ್ವಮಂಗಳಮ್ಮ ಎರಡನ್ನೂ ತಿರುಗಿಸಿ ನೋಡಿ, "ಊರಿಗೆಲ್ಲ ಗುರುತು ಕಟ್ಟಿ ಅಂತೀರಿ. ನಂದಕ್ಕೆ ಒಂದು ಕೆಂಪು ದಾರ ಸುತ್ಲಾ?" ಎಂದು ಕೇಳಿದ್ದರು. ಏಕಾಂತಯ್ಯನವರಿಗೆ ರೋಷ ಬಂದಿತ್ತು. "ನಾನು ಕೂಡಿಸಿದ ಕರಡಿಗೆ ನಂಗೆ ಗೊತ್ತಾಗಲ್ವಾ? ಇಷ್ಟು ಚೆಂದದ ಕೆಲಸಕ್ಕೆ ಕೆಂಪು ದಾರ ಸುತ್ತಿ ಹಾಳು ಮಾಡ್ಬೇಡ." ಸರ್ವಮಂಗಳಮ್ಮ ನಕ್ಕು ಸುಮ್ಮನಾಗಿದ್ದರು. ಅವರ ನಗುವಿನಲ್ಲಿ ಯಾವಾಗಲೂ ಸ್ವಲ್ಪ ಗೇಲಿ ಇರುತ್ತಿತ್ತು.

ತೊಂಬತ್ತೊಂಬತ್ತರ ಶ್ರಾವಣದಲ್ಲಿ ಸರ್ವಮಂಗಳಮ್ಮನವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮೈಮೇಲೆ ಲೋಹ ಏನೂ ಇರಬಾರದೆಂದು ನರ್ಸು ಬಳೆ, ತಾಳಿ, ಕರಡಿಗೆ ಎಲ್ಲ ಬಿಚ್ಚಿ ಏಕಾಂತಯ್ಯನವರ ಕೈಗೆ ಕೊಟ್ಟಳು. ಲಿಂಗವನ್ನು ಚೀಲದಲ್ಲಿ ಹಾಕಿಡುವುದುಂಟೇ? ಅದನ್ನೂ ತಮ್ಮ ಕೊರಳಿಗೇ ಹಾಕಿಕೊಂಡರು. ಹನ್ನೊಂದು ದಿನ ಎರಡೂ ಕರಡಿಗೆಗಳು ಅವರ ಎದೆಯ ಮೇಲೆ ಒಂದಕ್ಕೊಂದು ತಾಗುತ್ತಿದ್ದವು. ಹನ್ನೆರಡನೇ ದಿನ ಬೆಳಗಿನ ಜಾವ ಎಲ್ಲ ಮುಗಿಯಿತು.

ಮಣ್ಣು ಮಾಡುವ ಮುಂಚೆ ಮಠದ ಅಯ್ಯನವರು ಕೈನೀಡಿ, "ಅಮ್ಮನವರ ಲಿಂಗ ಕೊಡಿ" ಎಂದರು. ಏಕಾಂತಯ್ಯ ಕೊರಳಿಗೆ ಕೈಹಾಕಿ ಒಂದನ್ನು ತೆಗೆದು ಕೊಟ್ಟರು. ಕಣ್ಣು ತುಂಬಿ ಎದುರಿಗಿದ್ದವರ ಮುಖವೂ ಕಾಣುತ್ತಿರಲಿಲ್ಲ. ಅಯ್ಯನವರು ಕರಡಿಗೆ ತೆರೆದು, ಲಿಂಗವನ್ನು ಸರ್ವಮಂಗಳಮ್ಮನವರ ಎಡ ಅಂಗೈಯಲ್ಲಿಟ್ಟು, ವಿಭೂತಿ ಬಿಲ್ವಪತ್ರೆ ಹಾಕಿ ಕೈ ಮಡಿಸಿದರು. ಖಾಲಿ ಕರಡಿಗೆ ವಾಪಸು ಬಂತು.

ಮರುದಿನ ಬೆಳಗ್ಗೆ ಏಕಾಂತಯ್ಯ ಸ್ನಾನ ಮಾಡಿ, ಪೂಜೆಗೆ ಕೂತು, ಉಳಿದ ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು. ಹುಟ್ಟಿದ ವರ್ಷದಿಂದ ಕೊರಳಲ್ಲಿದ್ದ ತಮ್ಮ ಲಿಂಗದ ಭಾರ ಅವರ ಅಂಗೈಗೆ ಚೆನ್ನಾಗಿ ಗೊತ್ತಿತ್ತು. ಇದು ಹಗುರ. ಇದರ ತಳ ಒಂದು ಕಡೆ ಸ್ವಲ್ಪ ಚಪ್ಪಟೆ. ಇದು ಸರ್ವಮಂಗಳಮ್ಮನವರದು. ಅಂದಮೇಲೆ ತಮ್ಮದು ಎಲ್ಲಿದೆ ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ.

ಯಾರಿಗೆ ಹೇಳುವುದು? ಮಣ್ಣು ತೆಗೆಸುವ ಮಾತಂತೂ ಬಾಯಲ್ಲಿ ಬರುವಂಥದ್ದಲ್ಲ. ಅಯ್ಯನವರಿಗೆ ಹೇಳಿದರೆ ಹೊಸ ಲಿಂಗ ಕಟ್ಟಿಸಿಕೋ, ಇದನ್ನು ಹರಿಯುವ ನೀರಿಗೆ ಬಿಡು ಎನ್ನುತ್ತಾರೆ. ಬಿಟ್ಟರೆ ಹೆಂಡತಿಯದೆಂದು ಉಳಿದದ್ದೂ ಹೋಯಿತು. ಬಿಡದಿದ್ದರೆ ದಿನಾ ಬೆಳಗ್ಗೆ ಇನ್ನೊಬ್ಬರ ಲಿಂಗಕ್ಕೆ ಪತ್ರೆ ಏರಿಸಿದಂತೆ. ಇದಕ್ಕಿಂತ ಸಂಕಟದ್ದು ಇನ್ನೊಂದಿತ್ತು. ಆಕೆ ಬೇರೆಯವರ ಲಿಂಗ ಹಿಡಿದು ಹೋದಳಲ್ಲ, ದಾರಿಯಲ್ಲಿ ಏನು ಗತಿ? ಮಗಳಿಗೆ ಹೇಳೋಣವೆಂದರೆ, ತಾಯಿಯನ್ನು ನೀವು ಸರಿಯಾಗಿ ಕಳಿಸಿಕೊಡಲೂ ಇಲ್ಲವಲ್ಲ ಎಂದು ಅವಳು ಅಂದುಬಿಟ್ಟರೆ? ಹೀಗೆ ನಾಲ್ಕು ವರ್ಷ ಕಳೆಯಿತು. ಮಾತು ಗಂಟಲಿನವರೆಗೆ ಬಂದಾಗಲೆಲ್ಲ ಏಕಾಂತಯ್ಯ ಎದ್ದು ಎಲ್ಲಿಗಾದರೂ ಹೊರಟುಬಿಡುತ್ತಿದ್ದರು.

ಈ ಓಡಾಟದ ಮಧ್ಯೆ ಹರ್ನಿಯಾ ಬೇರೆ ವಕ್ಕರಿಸಿತು. ಡಾಕ್ಟರು ಮುಟ್ಟಿ ನೋಡಿ, ಆಪರೇಷನ್ ಮಾಡಿಸಿ, ಸಣ್ಣ ಕೆಲಸ ಎಂದರು. ಏಕಾಂತಯ್ಯ ಕಾರ್ತಿಕ ಕಳೆಯಲಿ ಎಂದರು. ಕಾರ್ತಿಕ ಕಳೆದಮೇಲೆ ಸಂಕ್ರಾಂತಿ ಆಗಲಿ ಎಂದರು. ಸಂಕ್ರಾಂತಿಯಾದಮೇಲೆ ಶಿವರಾತ್ರಿ. ಆಪರೇಷನ್ನಿಗೆ ಅವರು ಹೆದರುತ್ತಿರಲಿಲ್ಲ. ಅದಕ್ಕೆ ಮುಂಚೆ ನರ್ಸು ಕೊರಳಿನದನ್ನು ಬಿಚ್ಚಿ ಕೊಡಿ ಎನ್ನುತ್ತಾಳಲ್ಲ, ಅದನ್ನು ಮಗಳು ಮಾನಸಳ ಕೈಗೆ ಕೊಡಬೇಕಲ್ಲ, ಹೆಚ್ಚುಕಮ್ಮಿಯಾದರೆ ಅವಳೂ ಗೊತ್ತಿಲ್ಲದೆ ಅದೇ ತಪ್ಪನ್ನು ಮುಂದುವರಿಸುತ್ತಾಳಲ್ಲ, ಅದಕ್ಕೆ ಹೆದರುತ್ತಿದ್ದರು. ಕರುಳು ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಈ ಸಲ ಗದರಿಯೇ ಹೇಳಿದ್ದರು.

ಮಾನಸ ಮಲ್ಲೇಶ್ವರದ ಒಂದು ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದಳು. ಗಂಡನ ಜೊತೆ ಅಪ್ಪನ ಮನೆಯ ಮಹಡಿಯಲ್ಲೇ ಇದ್ದಳು. ಶಿವರಾತ್ರಿಗೆ ಇನ್ನೂ ನಾಲ್ಕೈದು ದಿನ ಇದ್ದಾಗ ಅವಳು ಮಕ್ಕಳನ್ನು ಶಂಕರಪುರಂನ ಒಂದು ಮ್ಯೂಸಿಯಂಗೆ ಕರೆದುಕೊಂಡು ಹೋಗಿ ಬಂದಳು. ಅಣೆಕಟ್ಟಿನ ಕೆಲಸದಲ್ಲಿದ್ದ ಒಬ್ಬ ಇಂಜಿನಿಯರ್ ರಾಯರು ಮುಳುಗಡೆಯಾಗುವ ಊರುಗಳಿಂದ ತಂದಿಟ್ಟ ಬೌದ್ಧರ ಕಾಲದ ಕಲ್ಲುಗಳು ಅಲ್ಲಿದ್ದವು. ರಾಯರು ತೀರಿಕೊಂಡಮೇಲೆ ಅವರ ಮನೆಯನ್ನೇ ಒಂದು ಟ್ರಸ್ಟು ಮ್ಯೂಸಿಯಂ ಮಾಡಿತ್ತು.

"ಅಪ್ಪಾಜಿ, ನೀವು ನೋಡ್ಲೇಬೇಕು. ಅಲ್ಲಿ ಎರಡು ಸಾವಿರ ವರ್ಷದ ಹಳೇ ಕರಡಿಗೆ ಇದೆ. ಎರಡು ಇದಾವೆ" ಎಂದಳು, ರೊಟ್ಟಿ ಬಡಿಸುತ್ತ.

"ಬೌದ್ಧರಿಗೆಲ್ಲಿಯ ಕರಡಿಗೆ?"

"ಅವರ ಗುರುಗಳು ಹೋದ್ಮೇಲೆ ಅಸ್ಥಿ ಹಾಕಿ ಇಡ್ತಿದ್ರಂತೆ. ಅದನ್ನ ಹೂತು ಮೇಲೆ ಸ್ತೂಪ ಕಟ್ತಿದ್ರಂತೆ. ಹೋಗ್ಬನ್ನಿ. ಹೇಗಿದ್ರೂ ಬೀದಿ ಸುತ್ತುತೀರಲ್ಲ, ಅದೊಂದು ಬೀದೀನೂ ಸುತ್ತಿ."

ಮಗಳ ನಾಲಿಗೆ ತಾಯಿಯದೇ. ಏಕಾಂತಯ್ಯ ಮರುದಿನವೇ ಹೋದರು.

ಬಾಗಿಲಲ್ಲಿ ಮೇಜು ಹಾಕಿಕೊಂಡು ಶೀನಣ್ಣ ಎಂಬವರು ಕೂತಿದ್ದರು. ಸರ್ಕಾರಿ ಗುಮಾಸ್ತರಾಗಿ ರಿಟೈರಾಗಿ, ಮನೆಯಲ್ಲಿ ಹೊತ್ತು ಹೋಗದೆ ಇಲ್ಲಿ ರಿಜಿಸ್ಟರು ಕಾಯುವ ಕೆಲಸ ಹಿಡಿದವರು. ಮೂಗಿನ ಒಂದು ಹೊಳ್ಳೆಗೆ ನಶ್ಯ ಏರಿಸಿ, ಇನ್ನೊಂದಕ್ಕೆ ಏರಿಸುವ ಮುಂಚೆ, "ಹೆಸರು, ಊರು ಬರೀರಿ. ಹೋಗೋವಾಗ ಅಭಿಪ್ರಾಯ ಬರೀಬೇಕು. ಬರೀದೆ ಬಿಡಲ್ಲ" ಎಂದರು.

ನಡುಮನೆಯ ಗೋಡೆಗೆ ಬಿಳಿಚು ಹಸಿರು ಬಣ್ಣದ ಚಪ್ಪಡಿಗಳನ್ನು ಒರಗಿಸಿದ್ದರು. ತಲೆಯಿಲ್ಲದ ಒಬ್ಬ ಬುದ್ಧ. ಹೊಟ್ಟೆ ಬಿಟ್ಟುಕೊಂಡು ನಗುವ ಒಬ್ಬ ಯಕ್ಷ. ಒಂದು ಚಪ್ಪಡಿಯಲ್ಲಿ ಗಂಡಸರು ಹೆಂಗಸರು ಒತ್ತೊತ್ತಾಗಿ ಕೂತು ಕೈಮುಗಿದಿದ್ದರು. ಎದುರಿಗೆ ಒಂದು ಪೀಠ, ಅದರ ಕೆಳಗೆ ಎರಡು ಪಾದ. ಪೀಠದ ಮೇಲೆ ಯಾರೂ ಇಲ್ಲ.

"ಇವರು ಯಾರಿಗೆ ಕೈ ಮುಗೀತಿದಾರೆ? ಕೂತಿರೋರು ಒಡೆದು ಹೋದ್ರಾ?" ಎಂದು ಏಕಾಂತಯ್ಯ ಕೇಳಿದರು.

"ಒಡೆದಿಲ್ಲ, ಇದ್ದದ್ದೇ ಹಾಗೆ. ಆ ಕಾಲದಲ್ಲಿ ಬುದ್ಧನ್ನ ಕೆತ್ತುತಿರಲಿಲ್ಲವಂತೆ. ಪೀಠ, ಪಾದ, ಅಷ್ಟೇ. ಇದಾನೆ ಅಂತ ತಿಳ್ಕೊಳ್ಳೋದು" ಎಂದರು ಶೀನಣ್ಣ. ಏಕಾಂತಯ್ಯ ಖಾಲಿ ಪೀಠವನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಮನೆಯಲ್ಲಿ ಅಡುಗೆಮನೆಯ ಬಾಗಿಲ ಪಕ್ಕ ಸರ್ವಮಂಗಳಮ್ಮ ಕೂರುತ್ತಿದ್ದ ಮಣೆ ಇನ್ನೂ ಅಲ್ಲೇ ಇತ್ತು. ಆ ನೆನಪು ಬಂದದ್ದೇ ಅವರು ಲಗುಬಗೆಯಿಂದ ಒಳಕೋಣೆಗೆ ನಡೆದರು.

ಒಳಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕಲ್ಲಿನ ಸಂದೂಕ, ಅದರ ಮುಂದೆ ತಾಮ್ರದ ಎರಡು ಕರಡಿಗೆ. ದಪ್ಪ ನಿಂಬೆಹಣ್ಣಿನ ಗಾತ್ರದವು. ಮೈಯೆಲ್ಲ ಹಸಿರು ಕಿಲುಬು. ಪಕ್ಕದಲ್ಲಿ ಒಂದು ಬಟ್ಟಲಲ್ಲಿ ಚೂರು ಬೂದಿ, ನಾಲ್ಕು ಮುತ್ತು, ಉಗುರಿನಷ್ಟು ದೊಡ್ಡ ಬಂಗಾರದ ಹೂವು. ಇವರೂ ಖಾಲಿ ಕರಡಿಗೆ ಇಟ್ಟವರಲ್ಲ ಎಂದು ಏಕಾಂತಯ್ಯನವರಿಗೆ ಖುಷಿಯಾಯಿತು. ಕೆಳಗಿನ ಚೀಟಿಯಲ್ಲಿ ಹೀಗೆ ಬರೆದಿತ್ತು: ಒಬ್ಬ ಭಿಕ್ಷು ಮತ್ತು ಅವನ ಶಿಷ್ಯನ ಧಾತು ಕರಂಡಕಗಳು. ಗೃಹಸ್ಥನೊಬ್ಬನ ದಾನ. ಒಂದೇ ಕಲ್ಲಿನ ಪೆಟ್ಟಿಗೆಯಲ್ಲಿ ದೊರೆತವು.

ಖುಷಿ ಒಂದು ನಿಮಿಷವೂ ಉಳಿಯಲಿಲ್ಲ. ಎಡಗಡೆಯ ಕರಡಿಗೆಯ ಮೈಗೆಲ್ಲ ತಾವರೆಯ ಎಸಳು ಕೊರೆದಿದ್ದರು. ಅದರ ಮೇಲೆ ಬೋಳು ಮುಚ್ಚಳ ಕೂತಿತ್ತು. ಬಲಗಡೆಯದು ಬೋಳು ಮೈಯದು. ಅದರ ತಲೆಯ ಮೇಲೆ ಎಸಳಿನ ಮುಚ್ಚಳ.

"ಯಾರ್ರೀ ಇದನ್ನ ಜೋಡ್ಸಿದ್ದು?" ಏಕಾಂತಯ್ಯನವರ ದನಿ ಹೊರಬಾಗಿಲಿಗೆ ಕೇಳಿಸಿತು.

"ರಾಯರೇ ಇಟ್ಟಿದ್ದು. ಯಾಕೆ?"

"ಇದರ ಮುಚ್ಚಳ ಅದಕ್ಕೆ, ಅದರದು ಇದಕ್ಕೆ ಹಾಕಿದಾರೆ. ತೆಗೆದು ಸರಿಯಾಗಿ ಹಾಕಿ."

"ಅಯ್ಯೋ ನಿಮ್ಮ! ನಲವತ್ತು ವರ್ಷದಿಂದ ಹಾಗೇ ಇದೆ. ಬೀಗದ ಕೈ ನನ್ನ ಹತ್ರ ಇಲ್ಲ. ಟ್ರಸ್ಟಿನ ಮೇಡಂ ಎರಡನೇ ಶನಿವಾರ ಬರ್ತಾರೆ. ಅಭಿಪ್ರಾಯದಲ್ಲಿ ಬರೀರಿ" ಎಂದು ಶೀನಣ್ಣ ರಿಜಿಸ್ಟರನ್ನು ಅವರ ಮುಂದಕ್ಕೆ ತಳ್ಳಿದರು.

ಏಕಾಂತಯ್ಯ ಬರೆದರು. ಮುಚ್ಚಳ ಅದಲುಬದಲಾಗಿದೆ. ಸರಿಪಡಿಸಿ.

ಅಲ್ಲಿಗೆ ಬಿಟ್ಟಿದ್ದರೆ ಅವರು ಏಕಾಂತಯ್ಯನೇ ಅಲ್ಲ. ಮರುದಿನ ಹೋದರು. ಅದರ ಮರುದಿನವೂ ಹೋದರು. ಶಿವರಾತ್ರಿಯ ದಿನ ಮತ್ತು ಮ್ಯೂಸಿಯಂಗೆ ರಜ ಇದ್ದ ದಿನ ಬಿಟ್ಟು ದಿನಾ ಹೋದರು. ಮಾಮೂಲ್‌ಪೇಟೆಯ ಅಂಗಡಿಗೆ ಹನ್ನೊಂದಕ್ಕೇ ಶಟರು ಬೀಳತೊಡಗಿತು. ಒಳಕೋಣೆಯಲ್ಲಿ ಗಾಜಿನ ಪೆಟ್ಟಿಗೆಯ ಸುತ್ತ ಸುತ್ತುವುದು, ಬಗ್ಗಿ ನೋಡುವುದು, ತೊಡೆಸಂದಿಯ ನೋವಿಗೆ ಹಲ್ಲು ಕಚ್ಚಿ ನೆಟ್ಟಗಾಗುವುದು, ಮತ್ತೆ ಬಗ್ಗುವುದು. ಬರುವಾಗ ಅದೇ ಎರಡು ವಾಕ್ಯ ಬರೆದು ಸಹಿ ಹಾಕುವುದು.

"ಏಕಾಂತಯ್ಯನೋರೇ, ಇವತ್ತೂ ಅದೇ ಅಭಿಪ್ರಾಯಾನಾ?" ಎಂದು ಶೀನಣ್ಣ ಛೇಡಿಸುತ್ತಿದ್ದರು. "ಬುದ್ಧಂಗೆ ತಲೆ ಇಲ್ಲ, ಅದರ ಬಗ್ಗೆ ನಿಮಗೆ ಚಿಂತೆ ಇಲ್ಲ. ಎರಡು ಬೆರಳಗಲದ ಮುಚ್ಚಳಕ್ಕೆ ಇಷ್ಟೊಂದು ಒದ್ದಾಟವೇ?"

"ತಲೆ ಹೋಗಿದ್ದು ಹೋಯ್ತು, ಸ್ವಾಮಿ. ಇದು ಇದ್ದೂ ಹೀಗಿದೆಯಲ್ಲ. ಗುರುಗಳದು ಯಾವುದು, ಶಿಷ್ಯಂದು ಯಾವುದು? ಅವರ ಗತಿ ಏನಾಗ್ಬೇಕು?"

"ಎರಡು ಸಾವಿರ ವರ್ಷ ಆಗಿದೆ. ಆಗೋ ಗತಿ ಎಲ್ಲ ಆಗಿರತ್ತೆ, ಬಿಡಿ."

ಏಕಾಂತಯ್ಯನವರಿಗೆ ಬಿಡಲು ಆಗಲಿಲ್ಲ. ತಮ್ಮದನ್ನು ಸರಿಮಾಡುವ ದಾರಿ ಮಣ್ಣಿನಡಿಯಲ್ಲಿತ್ತು. ಇದಾದರೋ ಗಾಜಿನಾಚೆ, ಕೈಯಳತೆಯಲ್ಲೇ ಇತ್ತು. ಇದೊಂದಾದರೂ ಸರಿಹೋಗಲಿ ಎಂದು ಅವರ ಜೀವ ಚಡಪಡಿಸುತ್ತಿತ್ತು.

ಅತ್ತ ಮಾನಸ ಅಪ್ಪನನ್ನು ಕೇಳದೆಯೇ ಆಸ್ಪತ್ರೆಗೆ ಹೋಗಿ ಸೋಮವಾರಕ್ಕೆ ದಿನ ಗೊತ್ತುಮಾಡಿಕೊಂಡು ಬಂದಳು. "ಶಿವರಾತ್ರಿ ಆಯ್ತು. ಇನ್ನು ಯುಗಾದಿ ಅನ್ನಬೇಡಿ, ಅಪ್ಪಾಜಿ. ನಿಮಗೇನಾದ್ರೂ ಆದ್ರೆ ನಂಗೆ ಯಾರಿದಾರೆ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಈಗ ಹೇಳಿಬಿಡಬೇಕು ಎಂದು ಏಕಾಂತಯ್ಯ ಬಾಯಿ ತೆರೆದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಎರಡನೇ ಶನಿವಾರ ಬಂತು. ಟ್ರಸ್ಟಿನ ಶ್ರೀವಿದ್ಯಾ ರಿಜಿಸ್ಟರು ತಿರುವಿ ಹಾಕಿ, ಒಂಬತ್ತು ಕಡೆ ಒಂದೇ ಕೈಬರಹ ಕಂಡು ನಗುವುದೋ ಬಿಡುವುದೋ ತಿಳಿಯದೆ ಕೂತಿದ್ದಳು. ಹತ್ತನೆಯದನ್ನು ಬರೆಯಲು ಬಂದವರು ಎದುರಿಗೇ ನಿಂತಿದ್ದರು.

"ನೀವೇನಾ, ಸರ್? ಮುಚ್ಚಳ ಬದಲಾಗಿದೆ ಅಂತ ಹೇಗೆ ಗೊತ್ತು?"

"ನಲವತ್ತು ವರ್ಷದಿಂದ ಮುಚ್ಚಳ ಕೂಡಿಸೋದೇ ನನ್ನ ಕಸುಬು, ತಾಯಿ."

ಶ್ರೀವಿದ್ಯಾಳಿಗೆ ಆ ಉತ್ತರ ಹಿಡಿಸಿತು. ಕೈಗೆ ಬಿಳಿ ಗವಸು ಹಾಕಿಕೊಂಡು, ಗಾಜಿನ ಪೆಟ್ಟಿಗೆಯ ಬೀಗ ತೆಗೆದು, ಎರಡೂ ಕರಡಿಗೆಗಳನ್ನು ಮಖಮಲ್ಲು ಹಾಸಿದ ಮೇಜಿನ ಮೇಲಿಟ್ಟಳು. "ನೀವು ಮುಟ್ಟೋ ಹಾಗಿಲ್ಲ. ನೀವು ಹೇಳಿ, ನಾನು ಮಾಡ್ತೀನಿ" ಎಂದಳು. ಏಕಾಂತಯ್ಯ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅಂಗಡಿಯಿಂದ ತಂದಿದ್ದ ಲೆನ್ಸನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದರು. ಶೀನಣ್ಣ ನಶ್ಯದ ಡಬ್ಬಿ ಮರೆತು ಬಾಗಿಲಲ್ಲಿ ನಿಂತರು.

ಮೊದಲು ಶ್ರೀವಿದ್ಯಾ ಎರಡೂ ಮುಚ್ಚಳಗಳನ್ನು ಎತ್ತಿ, ಅವರು ಹೇಳಿದಂತೆ ಎಸಳಿನದನ್ನು ಎಸಳಿನ ಮೈಗೆ, ಬೋಳನ್ನು ಬೋಳಿಗೆ ಇಟ್ಟಳು. ನೋಡಲು ಚೆನ್ನಾಗಿಯೇ ಕಂಡಿತು. "ಸರಿಯಾಯ್ತಲ್ಲ!" ಎಂದಳು. ಏಕಾಂತಯ್ಯ ಎಡಕ್ಕೆ ವಾಲಿ ನೋಡಿದರು, ಬಲಕ್ಕೆ ವಾಲಿ ನೋಡಿದರು. ಕಿಲುಬು ಮುಚ್ಚಳದ ಅಂಚಿಗೆ ಬಂದು ತುಂಡಾಗುತ್ತಿತ್ತು. ಮುಚ್ಚಳದ ಮೇಲೆ ದಪ್ಪಗೆ ಹೆಪ್ಪುಗಟ್ಟಿದ ಕಡೆ, ಅದರ ಕೆಳಗಿನ ಮೈ ಬರಿದಾಗಿತ್ತು.

"ತಾಯಿ, ಮೊದಲಿದ್ದ ಹಾಗೇ ಒಂದ್ಸಲ ಇಡಿ. ಹಾಂ. ಈಗ ಬೋಳು ಮುಚ್ಚಳಾನ ಎಡಕ್ಕೆ ತಿರುಗಿಸಿ. ನಿಧಾನ. ಇನ್ನೊಂದು ಚೂರು. ಸಾಕು."

ಅವರ ಕಣ್ಣೆದುರೇ ಹಸಿರು ಕಲೆ ಒಂದಾಯಿತು. ಡಬ್ಬಿಯ ಬಾಯಿಂದ ತುಪ್ಪ ಸೋರಿ ಗಟ್ಟಿಯಾದ ಹಾಗೆ, ಮುಚ್ಚಳದಿಂದ ಹೊರಟ ಕಿಲುಬು ಅಂಚು ದಾಟಿ ಎಸಳುಗಳ ಮೇಲೆ ಒಂದೇ ಗೆರೆಯಾಗಿ ಇಳಿದಿತ್ತು. ಇನ್ನೊಂದು ಕರಡಿಗೆಯಲ್ಲೂ ಹಾಗೆಯೇ. ತಿರುಗಿಸಿ ಕೂರಿಸಿದೊಡನೆ ಮುಚ್ಚಳದ ಕಲೆ, ಮೈಯ ಕಲೆ ಎರಡೂ ಕೂಡಿಕೊಂಡವು.

ಏಕಾಂತಯ್ಯ ಲೆನ್ಸು ತೆಗೆದು ನೆಟ್ಟಗಾದರು.

"ಏನು, ಸರ್?"

"ತಪ್ಪು ನಂದು. ರಾಯರು ಸರಿಯಾಗೇ ಇಟ್ಟಿದಾರೆ. ಇವು ಮಣ್ಣಲ್ಲಿ ಇದ್ದದ್ದೇ ಹೀಗೆ. ಸಾವಿರಾರು ವರ್ಷ ಹೀಗೇ ಮುಚ್ಕೊಂಡಿದ್ರೆ ಮಾತ್ರ ಕಿಲುಬು ಹೀಗೆ ಇಳಿಯತ್ತೆ."

"ಅಂದ್ರೆ, ಹೂಳೋವಾಗ್ಲೇ ಅದಲುಬದಲಾಗಿತ್ತು ಅಂತೀರಾ?" ಶ್ರೀವಿದ್ಯಾ ಕಣ್ಣರಳಿಸಿದಳು.

"ಅಲ್ಲಾ, ಗುರುದು ಶಿಷ್ಯಂಗೆ, ಶಿಷ್ಯಂದು ಗುರುಗೆ! ಎಂಥಾ ಬೇಜವಾಬ್ದಾರಿ ಜನಾರೀ ಅವರು!" ಎಂದರು ಶೀನಣ್ಣ.

ಏಕಾಂತಯ್ಯನವರಿಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. "ಬೇಜವಾಬ್ದಾರಿ ಅನ್ಬೇಡಿ. ಬಂಗಾರದ ಹೂವು ಹಾಕಿಟ್ಟೋನು ಬೇಜವಾಬ್ದಾರಿಯೋನಾ? ಅವನು ಅಳ್ತಾ ಇದ್ದಿರ್ಬೇಕು. ಕಣ್ಣು ತುಂಬಿದಾಗ ಯಾವುದು ಯಾರದು ಅಂತ ಕಾಣಲ್ಲ, ಸ್ವಾಮಿ. ಕೈಗೆ ಸಿಕ್ಕಿದ್ದನ್ನ ಕೊಟ್ಬಿಡ್ತೀವಿ."

ಕೊನೆಯ ಮಾತು ಬಾಯಿ ತಪ್ಪಿ ಹೊರಗೆ ಬಂದಿತ್ತು. ಶೀನಣ್ಣ ಹತ್ತಿರ ಬಂದು ಅವರಿಗೆ ಕುರ್ಚಿ ಎಳೆದುಕೊಟ್ಟರು. ಏಕಾಂತಯ್ಯ ಕೂತರು. ಹೆಂಡತಿಯಿಲ್ಲದ ಆ ನಾಲ್ಕು ವರ್ಷ, ಆಸ್ಪತ್ರೆಯ ಹನ್ನೊಂದು ದಿನ, ಅಯ್ಯನವರು ಚಾಚಿದ ಕೈ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಎರಡು ಸಾವಿರ ವರ್ಷದ ಹಿಂದಿನ ಆ ಗೃಹಸ್ಥ ಆಮೇಲೆ ಮನೆಗೆ ಹೋಗಿ ಎಷ್ಟು ಒದ್ದಾಡಿದನೋ, ಯಾರಿಗೂ ಹೇಳದೆಯೇ ಸತ್ತನೋ. ಮೇಲೆ ಸ್ತೂಪ ಎದ್ದಿತು, ಜನ ಬಂದು ಪ್ರದಕ್ಷಿಣೆ ಹಾಕಿದರು, ಕೈ ಮುಗಿದರು. ಒಬ್ಬರ ಮುಚ್ಚಳದ ಅಡಿಯಲ್ಲಿ ಇನ್ನೊಬ್ಬರು ಅಷ್ಟು ಕಾಲವೂ ಇದ್ದರು. ಏಕಾಂತಯ್ಯ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು.

"ಈಗ ಹೇಗಿಡ್ಲಿ, ಸರ್? ಜೊತೆ ಸರಿ ಮಾಡಿ ಇಡೋದಾ?" ಶ್ರೀವಿದ್ಯಾ ಕೇಳಿದಳು.

"ಬೇಡ, ತಾಯಿ. ಹೀಗೇ ಇರ್ಲಿ. ಒಂದಕ್ಕೊಂದು ಒಗ್ಗಿಬಿಟ್ಟಿದಾವೆ. ಈಗ ಬದಲಾಯಿಸಿದ್ರೇ ತಪ್ಪಾಗತ್ತೆ."

ಹೋಗುವಾಗ ಅವರು ಹತ್ತನೇ ಅಭಿಪ್ರಾಯ ಬರೆದರು. ಮುಚ್ಚಳ ಇದ್ದ ಹಾಗೆಯೇ ಇರಲಿ. ಶೀನಣ್ಣ ಓದಿಕೊಂಡರು. ಯಾವತ್ತಿನಂತೆ ಛೇಡಿಸಲಿಲ್ಲ. "ಮತ್ತೆ ಬನ್ನಿ ಏಕಾಂತಯ್ಯನೋರೇ, ಕೆಲಸ ಇಲ್ಲದಿದ್ರೂ ಬನ್ನಿ" ಎಂದರು.

ಸೋಮವಾರ ಬೆಳಗ್ಗೆ ಆಸ್ಪತ್ರೆ. ಸರ್ವಮಂಗಳಮ್ಮನವರಿದ್ದದ್ದು ಅದೇ ಆಸ್ಪತ್ರೆಯಲ್ಲಿ, ಒಂದು ಮಹಡಿ ಮೇಲೆ. ಹಸಿರು ಅಂಗಿ ತೊಡಿಸಿದಮೇಲೆ ಕಾವೇರಮ್ಮ ಎಂಬ ಹಿರಿಯ ನರ್ಸು, "ಯಜಮಾನ್ರೇ, ಕೊರಳಲ್ಲಿರೋದು ತೆಗೆದು ಮಗಳ ಹತ್ರ ಕೊಟ್ಬಿಡಿ. ಐದು ನಿಮಿಷದಲ್ಲಿ ಬರ್ತೀನಿ" ಎಂದು ಹೋದರು.

ಏಕಾಂತಯ್ಯ ಮಂಚದ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದರು. ದಾರ ತೆಗೆದು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದರು. ಮಾನಸ ಕೈ ಚಾಚಿದಳು. ಮುಷ್ಟಿ ಬಿಚ್ಚಲಿಲ್ಲ. ಎದ್ದು ಹೋಗೋಣವೆಂದರೆ ಈ ಸಲ ಹೋಗಲು ಜಾಗವಿರಲಿಲ್ಲ.

"ಮಾನಸ, ಇದು ನಂದಲ್ಲ ಕಣಮ್ಮ. ನಿಮ್ಮಮ್ಮಂದು."

"ಏನಂದ್ರಿ?"

"ಅವತ್ತು ಎರಡೂ ನನ್ನ ಕೊರಳಲ್ಲಿತ್ತಲ್ಲ. ಅಯ್ಯನೋರು ಕೇಳ್ದಾಗ ನಂದನ್ನ ತೆಗೆದು ಕೊಟ್ಬಿಟ್ಟೆ. ಮಾರನೇ ದಿನ ಪೂಜೆಗೆ ಕೂತಾಗ ಗೊತ್ತಾಯ್ತು. ನಂದು ಅವಳ ಹತ್ರ ಇದೆ. ಅವಳದು ನನ್ನ ಹತ್ರ ಇದೆ."

ಮಾನಸ ಅಪ್ಪನ ಮುಖವನ್ನೇ ನೋಡಿದಳು. "ನಾಲ್ಕು ವರ್ಷದಿಂದ ಇದನ್ನ ಒಬ್ರೇ ಇಟ್ಕೊಂಡಿದ್ರಾ?"

"ನಿಂಗೆ ಹೇಗೆ ಹೇಳೋದು? ನಿಮ್ಮಮ್ಮನ್ನ ನೆಟ್ಟಗೆ ಕಳಿಸ್ಕೊಡಕ್ಕೂ ನನ್ನ ಕೈಲಾಗ್ಲಿಲ್ಲ. ಅದಿರ್ಲಿ. ಈಗ ಕೇಳು. ನಂಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ಹೊಸದು ಕಟ್ಟಿಸ್ಬೇಡ. ನದಿಗೆ ಬಿಡ್ಬೇಡ. ಇದನ್ನೇ ನನ್ನ ಕೈಲಿಡು."

"ಏನೂ ಆಗಲ್ಲ, ಸುಮ್ನಿರಿ" ಎಂದಳು ಮಾನಸ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ. "ಅಪ್ಪಾಜಿ, ಅಮ್ಮಂಗೆ ಗೊತ್ತಾಗಿರತ್ತಾ?"

ಈ ಪ್ರಶ್ನೆಯನ್ನು ಏಕಾಂತಯ್ಯ ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. "ಅಂಗೈಲಿಟ್ಟ ತಕ್ಷಣ ಗೊತ್ತಾಗಿರತ್ತೆ" ಎಂದರು. "ನಕ್ಕಿರ್ತಾಳೆ."

ಮಾನಸಳೂ ಅಳುತ್ತಲೇ ನಕ್ಕಳು. ಮುಷ್ಟಿ ಬಿಚ್ಚಿತು. ಅವಳು ಕರಡಿಗೆಯನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅವಳ ಕೊರಳಲ್ಲಿ ಅವಳದೇ ಸಣ್ಣ ಕರಡಿಗೆ ಇತ್ತು. ಇದನ್ನೂ ಹಾಕಿಕೊಳ್ಳಲು ಹೋದವಳು ತಡೆದು, ಸೀರೆಯ ಸೆರಗಿನ ಕುಚ್ಚಿನಿಂದ ಒಂದು ಕೆಂಪು ಎಳೆ ಕಿತ್ತಳು. ಹಲ್ಲಿನಲ್ಲಿ ಅದರ ತುದಿ ಕಚ್ಚಿ ಹಿಡಿದು, ಅಪ್ಪನ ದಾರಕ್ಕೆ ಮೂರು ಸುತ್ತು ಸುತ್ತಿ, ಗಂಟು ಹಾಕಿ, ಕೊರಳಿಗೆ ಹಾಕಿಕೊಂಡಳು.

"ಇದು ನಿಮ್ಮದು. ಸಂಜೆ ವಾಪಸ್ ಇಸ್ಕೊಳಿ" ಎಂದಳು.

ಕಾವೇರಮ್ಮ ತಳ್ಳುಮಂಚ ತಂದರು. ಏಕಾಂತಯ್ಯ ಅದರ ಮೇಲೆ ಮಲಗಿ ಮಗಳ ಎದೆಯ ಮೇಲಿನ ಕೆಂಪು ಗಂಟನ್ನು ನೋಡಿದರು. ಮಂಚ ಹೊರಟಿತು. ಉದ್ದನೆಯ ಓಣಿ ಮುಗಿಯುವವರೆಗೂ ಅವರ ಕಾಲು ಅಲ್ಲಾಡಲಿಲ್ಲ.